ಗರಿ ಗುರುತಿನ ಅಭ್ಯರ್ಥಿ

ಮಕ್ಕಳೇ, ನಿಮ್ಮ ಅಜ್ಜಿ ಒಂದು ಕಾಲದಲ್ಲಿ ಸಿಕಂದರಾಬಾದಿನ ಆಚೆಯ ಈ ಕುಷಾಯಿಗೂಡದಿಂದ ಚುನಾವಣೆಗೆ ನಿಂತಿದ್ದಳು ಎಂದು ನಿಮ್ಮ ಅಮ್ಮ ಹೇಳಿದಳಂತೆ. ನೀವು ಹೊಟ್ಟೆ ಹಿಡಿದುಕೊಂಡು ನಕ್ಕಿರಂತೆ. ನಗಿ, ಬೇಡ ಅನ್ನುವುದಿಲ್ಲ. ಆದರೆ ಈ ವಿಷಯದಲ್ಲಿ ನನ್ನ ಅಧಿಕೃತ ಹೇಳಿಕೆಯೂ ಒಂದು ಇರಲಿ.

ನಾನು ಯಾವ ಚುನಾವಣೆಗೂ ನಿಂತಿರಲಿಲ್ಲ. ಬಸ್ಸಿನಲ್ಲಿ ಸೀಟು ಕೇಳಲು ನಾಚಿಕೆಯಾಗಿ ಸಿಕಂದರಾಬಾದಿನವರೆಗೂ ಕಂಬಿ ಹಿಡಿದು ನಿಲ್ಲುತ್ತಿದ್ದೆನಲ್ಲ, ನಾನು ನಿಂತದ್ದು ಅಷ್ಟೇ!

ನನ್ನ ಯೋಜನೆ ಬೇರೆಯೇ ಇತ್ತು. ಬಹಳ ಸರಳ, ಯಾವ ಲೋಪವೂ ಇಲ್ಲದ ಯೋಜನೆ. ನಿಮ್ಮ ಅಜ್ಜ ದಿನಕ್ಕೆ ಅರ್ಧ ರೊಟ್ಟಿ ಹೆಚ್ಚು ತಿನ್ನಬೇಕು. ಅದಕ್ಕಾಗಿ ನಾನು ಇಂಟರ್ನೆಟ್ಟಿನ ಮೇಲೆ ಒಂದು ಸಣ್ಣ ತಿದ್ದುಪಡಿ ಮಾಡಬೇಕು. ಇಷ್ಟೇ!

ಇದು ಅರ್ಥವಾಗಬೇಕಾದರೆ ನಿಮಗೆ ಖಾನಾವಳಿಯ ಕಥೆ ಹೇಳಬೇಕು.

ಅಜ್ಜ ಇಲ್ಲಿನ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಸುಮ್ಮನೆ ಕೂರಲಿಲ್ಲ. ಊರಿಗೆ ಊರೇ ಕಂಪ್ಯೂಟರ್ ಕಲಿಯುತ್ತಿದ್ದ ಕಾಲ. ಪ್ರತಿ ಗಲ್ಲಿಯಲ್ಲೂ ಒಂದು ಇನ್‌ಸ್ಟಿಟ್ಯೂಟು, ಪ್ರತಿ ಕಂಬದಲ್ಲೂ ಒಂದು ಕೋರ್ಸಿನ ಜಾಹೀರಾತು. ಅಜ್ಜ ಮುಂದಿನ ಕೋಣೆಯಲ್ಲಿ ಎರಡು ಕಂಪ್ಯೂಟರ್ ಇಟ್ಟು, ಕಾಲೊನಿ ಸಂಘದ್ದು, ಒಂದು ಶಾಲೆಯದು, ಹೋಮಿಯೋಪತಿ ಡಾಕ್ಟರದು, ಹೀಗೆ ಕೆಲವರ ವೆಬ್‌ಸೈಟುಗಳನ್ನು ಅಲ್ಲಿಂದಲೇ ನಡೆಸುತ್ತಿದ್ದರು. ನಮ್ಮ ಮನೆಯ ಕರೆಂಟ್ ಹೋದರೆ ಶಾಲೆ, ಸಂಘ, ಡಾಕ್ಟರು ಎಲ್ಲರೂ ಒಟ್ಟಿಗೆ ಮಾಯ!

"ಸರ್ವರ್ ಅಂದ್ರ ಏನ್ರಿ?" ಎಂದು ನಾನು ಕೇಳಿದ್ದೆ. ಲಿಂಗಸೂಗೂರು ಕಡೆಯ ಹಳ್ಳಿ ಶಾಲೆಯಲ್ಲಿ ಕಲಿತವಳು ನಾನು. ನನಗೆ ತಿಳಿಯುವ ಹಾಗೆ ಹೇಳುವುದು ಅವರಿಗೆ ಬರುತ್ತಿತ್ತು.

"ಖಾನಾವಳಿಗೆ ಹೋಗಿ ರೊಟ್ಟಿ ಬೇಕು ಅಂದ್ರ ಒಬ್ಬಾಂವ ತಂದು ಬಡಿಸ್ತಾನಲ್ಲ, ಅವನ ಸರ್ವರ್. ಒಂದೊಂದು ವೆಬ್‌ಸೈಟೂ ಒಂದೊಂದು ಖಾನಾವಳಿ. ಬಡಿಸೋ ತಂತ್ರಾಂಶ ಎರಡ ಥರ ಭಾಳ ಚಾಲ್ತಿ ಒಳಗೈತಿ. ಒಂದು, ಜಗತ್ತಿನ ಮಂದಿ ಎಲ್ಲಾ ಕೂಡಿ ಮಾಡಿ ಪುಕ್ಕಟೆ ಕೊಟ್ಟದ್ದು. ಇನ್ನೊಂದು, ಕಂಪನಿಯಿಂದ ರೊಕ್ಕ ಕೊಟ್ಟು ತರೂದು."

ಪುಕ್ಕಟೆಯದರ ಗುರುತು ಒಂದು ಹಕ್ಕಿಯ ಗರಿ. ಕಂಪನಿಯದರ ಗುರುತು ಕಿಟಕಿ. ಅಜ್ಜ ಗರಿಯ ಪಕ್ಷ. ಅವರ ಜೊತೆ ಅದೇ ಕಾರ್ಖಾನೆಯಿಂದ ನಿವೃತ್ತರಾಗಿ ಎರಡು ಮನೆ ಆಚೆ ಇದ್ದ ತೆಲುಗಿನ ರಾವುಗಾರು ಕಿಟಕಿಯ ಪಕ್ಷ. ಅವರೂ ಮನೆಯಲ್ಲಿ ಇದೇ ವ್ಯವಹಾರ ನಡೆಸುತ್ತಿದ್ದರು. ವಿದೇಶದಲ್ಲಿ ಯಾರೋ ತಿಂಗಳಿಗೊಮ್ಮೆ ಲೋಕದ ಖಾನಾವಳಿಗಳ ಬಾಗಿಲನ್ನೆಲ್ಲ ತಟ್ಟಿ, "ನಿಮ್ಮಲ್ಲಿ ಬಡಿಸುವವರು ಯಾರು?" ಎಂದು ಕೇಳಿ ಲೆಕ್ಕ ಪ್ರಕಟಿಸುತ್ತಿದ್ದರಂತೆ. ಗರಿಯದು ಒಂದು ಗೆರೆ, ಕಿಟಕಿಯದು ಒಂದು ಗೆರೆ. ಆ ದಿನ ನಮ್ಮ ಗಲ್ಲಿಯಲ್ಲಿ ವಿಧಾನಸಭೆಯ ಮತ ಎಣಿಕೆಯಷ್ಟು ಬಿಸಿ!

ಇದರಲ್ಲೊಂದು ನೇಮ ಇತ್ತು. ಕಿಟಕಿಯ ಗೆರೆ ಏರಿದ ತಿಂಗಳು ರಾವುಗಾರು ಅದರ ಚಿತ್ರವನ್ನು ಕಾಗದದಲ್ಲಿ ಅಚ್ಚು ಹಾಕಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನಮ್ಮಲ್ಲಿಗೆ ಚಹಾಕ್ಕೆ ಬರುತ್ತಿದ್ದರು. ಇಳಿದ ತಿಂಗಳು ನಮ್ಮ ಮನೆಯ ಮುಂದೆಯೇ ಹಾಯುತ್ತಿರಲಿಲ್ಲ. ಹಾಲಿನ ಬೂತಿಗೆ ಹಿಂದಿನ ಗಲ್ಲಿಯಿಂದ ಸುತ್ತಿ ಹೋಗುತ್ತಿದ್ದರು. ಆಗ ಅಜ್ಜ ಚಿತ್ರ ಹಿಡಿದು ಅವರ ಮನೆಗೆ ಹೋಗುತ್ತಿದ್ದರು. ಗೆದ್ದವನು ಸೋತವನ ಮನೆಯಲ್ಲಿ ಚಹಾ ಕುಡಿಯಬೇಕು. ಗರಿಯೇ ಹೆಚ್ಚು ಗೆಲ್ಲುತ್ತಿದ್ದುದರಿಂದ ರಾವುಗಾರ ಮನೆಯ ಚಹಾಪುಡಿಯೇ ಹೆಚ್ಚು ಖರ್ಚಾಗುತ್ತಿತ್ತು.

ಆಮೇಲೆ ಅಜ್ಜ ಮಲಗಿದರು.

ಹೃದಯ ದೊಡ್ಡದಾಗಿದೆ ಎಂದರು ಡಾಕ್ಟರು. ಅದು ನನಗೆ ಮದುವೆಯಾದ ವರ್ಷವೇ ಗೊತ್ತಿತ್ತು. ಆದರೆ ಅವರು ಹೇಳಿದ್ದು ಬೇರೆ. ಹೃದಯ ಸೋತು ಹಿಗ್ಗಿದೆ, ಇನ್ನು ಅದಕ್ಕೆ ಹೆಚ್ಚು ಮಾಡುವುದೇನಿಲ್ಲ, ಮನಸ್ಸಿಗೆ ನೋವಾಗದಂತೆ ನೋಡಿಕೊಳ್ಳಿ, ಏನಾದರೂ ತಿನ್ನಿಸಿ. ಅಜ್ಜ ಒಳಕೋಣೆಯ ಮಂಚ ಬಿಟ್ಟು ಮುಂದಿನ ಕೋಣೆಗೂ ನಡೆಯಲಾರದೆ ಹೋದರು. ಸೈಟುಗಳನ್ನು ರಾವುಗಾರೇ ಬಂದು ನೋಡಿಕೊಳ್ಳುತ್ತಿದ್ದರು, ಸೋತ ಲೆಕ್ಕದ ದಿನ ಒಂದು ಬಿಟ್ಟು. ಊಟ ನಿಂತಂತೆಯೇ ಆಯಿತು. ರೊಟ್ಟಿಯ ಒಂದು ತುಂಡು ಮುರಿದು ತಟ್ಟೆಯ ಅಂಚಿಗೆ ಸರಿಸಿ, "ಸಾಕು" ಅನ್ನುವರು. ಆದರೆ ಗರಿ ಏರಿತು ಎಂದು ಗೊತ್ತಾದ ದಿನ ಮಾತ್ರ ಅರ್ಧ ರೊಟ್ಟಿ ಮುಗಿಯುತ್ತಿತ್ತು. ನಾನು ಇದನ್ನು ಗಮನಿಸಿದೆ. ಹೆಂಗಸರು ಇಂಥದ್ದನ್ನೇ ಗಮನಿಸುವುದು. ತಿಂಗಳ ಲೆಕ್ಕಕ್ಕಾಗಿ ಅವರಿಗಿಂತ ಹೆಚ್ಚು ಕಾಯತೊಡಗಿದವಳು ನಾನು.

ಒಂದು ದಿನ ರಾವುಗಾರು ಹಿಂಬಾಗಿಲಿಗೆ ಬಂದರು. ಕೈಯಲ್ಲಿ ಕಾಗದ. ಮುಖದಲ್ಲಿ ಹೆಣ ಹೊತ್ತ ಕಳೆ.

"ಶಾಂತಮ್ಮಗಾರೂ, ನಾವು ಗೆದ್ದಿವಿ," ಎಂದರು, ಅಳುವ ದನಿಯಲ್ಲಿ. "ಭಾಳ ಗೆದ್ದಿವಿ. ಗರಿ ಬಿದ್ದುಹೋಯಿಂದಿ."

ಕಾಗದ ನೋಡಿದೆ. ನಮ್ಮ ಗೆರೆ ಬಾವಿಗೆ ಹಗ್ಗ ಬಿಟ್ಟಂತೆ ಇಳಿದಿತ್ತು. ಯಾವುದೋ ದೊಡ್ಡ ಕಂಪನಿ ತನ್ನ ಹತ್ತಿರ ಇದ್ದ ಅಸಂಖ್ಯ ಖಾಲಿ ಸೈಟುಗಳನ್ನು ಒಂದೇ ಏಟಿಗೆ ಗರಿಯಿಂದ ಕಿಟಕಿಗೆ ಬದಲಿಸಿತ್ತಂತೆ. ಹೆಸರು ಮಾತ್ರ ಕೊಂಡಿಟ್ಟ, ಒಳಗೆ ಏನೂ ಇಲ್ಲದ ಸೈಟುಗಳು.

"ಅಂದ್ರ, ಖಾನಾವಳಿ ಮುಚ್ಚೇದ. ಬಾಗಿಲಿಗೆ ಬೀಗ ಐತಿ. ಆದ್ರೂ ಅದನ್ನ ಎಣಿಸ್ತಾರೇನ್ರಿ?"

"ಎಣಿಸ್ತಾರಮ್ಮಾ."

"ಒಲಿ ಹಚ್ಚದ ಮನಿಯವರೂ ವೋಟ್ ಹಾಕಬಹುದು?"

"ಏಮಿ ಚೇಸ್ತಾಂ, ಏನು ಮಾಡೋದು," ಎಂದು ರಾವುಗಾರು ತಲೆ ತಗ್ಗಿಸಿದರು. ತಮ್ಮ ಪಕ್ಷದ ಜಯಕ್ಕೆ ಇಷ್ಟು ನಾಚಿದ ಮನುಷ್ಯನನ್ನು ನಾನು ಕಂಡಿಲ್ಲ.

ಒಳಗಿನಿಂದ ಅಜ್ಜನ ದನಿ. "ಯಾರು? ರಾವ್ ಏನು? ಲೆಕ್ಕ ಬಂತೇನು?"

ನಾವಿಬ್ಬರೂ ಹಿಂಬಾಗಿಲಲ್ಲಿ ಕಳ್ಳರಂತೆ ಮುಖ ಮುಖ ನೋಡಿಕೊಂಡೆವು. ನಾನು ಕಾಗದವನ್ನು ತಲೆಕೆಳಗು ಮಾಡಿದೆ. ಇಳಿಯುವ ಗೆರೆ ತಿರುಗಿಸಿದರೆ ಏರಬೇಕಲ್ಲ! ಇಲ್ಲ. ಹಾಗೂ ಇಳಿಯುತ್ತಿತ್ತು. ಮತ್ತೆ ತಿರುಗಿಸಿದೆ. ಮತ್ತೂ ಇಳಿಯುತ್ತಿತ್ತು. ನೀವೂ ಕಾಗದದ ಮೇಲೆ ಗೀಚಿ ನೋಡಿ ಮಕ್ಕಳೇ, ಇಳಿಯುವ ಗೆರೆಯ ಗುಣವೇ ಅದು. ತಲೆಕೆಳಗಾಗಿ ನಿಂತರೂ ಇಳಿಯುತ್ತದೆ.

ಕಾಗದವನ್ನು ಒಲೆಯ ಹಿಂದೆ ತುರುಕಿ, ನಾನೇ ಒಳಗೆ ಹೋಗಿ ಹೇಳಿದೆ. "ಗರಿ ಏರೇತ್ರಿ! ಭಾಳ ಏರೇತಿ. ರಾವ್ ಅವರು ಪಾಪ, ಸೋತು ಸುಣ್ಣ ಆಗ್ಯಾರ."

ಹಿಂದೆಯೇ ಬಂದ ರಾವುಗಾರು ತಮ್ಮ ಪಾತ್ರವನ್ನು ಸ್ವಲ್ಪ ಹೆಚ್ಚಾಗಿಯೇ ನಿಭಾಯಿಸಿದರು. ಕುರ್ಚಿಯಲ್ಲಿ ಕುಸಿದರು. ಹಣೆ ಚಚ್ಚಿಕೊಂಡರು. "ಪೋಯಿಂದಿ ಸಾರ್, ಅಂತಾ ಪೋಯಿಂದಿ! ಎಲ್ಲಾ ಹೋಯ್ತು! ಕಿಟಕಿ ಮುಚ್ಚಿತು!" ಎಂದು ಗೋಳಾಡಿದರು. ಅಜ್ಜ ಅವರನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಹಂಗಾದ್ರ ಒಂದು ರೊಟ್ಟಿ ತಾ," ಎಂದರು.

ಅರ್ಧವಲ್ಲ, ಮುಕ್ಕಾಲು ಮುಗಿಯಿತು! ನಾನು ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತೆ. ಖುಷಿಗೆ ಎಂದೇ ಆಗ ಅಂದುಕೊಂಡೆ.

ಮುಂದಿನ ತಿಂಗಳು ಗೆರೆ ಇನ್ನೂ ಇಳಿಯಿತು. ನಾನು ಇನ್ನೂ ಏರಿಸಿದೆ. ರಾವುಗಾರು ಇನ್ನೂ ಜೋರಾಗಿ ಅತ್ತರು. ಆದರೆ ನನಗೆ ನಿದ್ದೆ ಬಾರದಾಯಿತು. ಸಾಯಲಿರುವ ಮನುಷ್ಯನ ಹತ್ತಿರ ಸುಳ್ಳು ಹೇಳಿ ಉಣ್ಣಿಸುತ್ತಿದ್ದೇನಲ್ಲ! ಆಗಲೇ ನನ್ನ ತಲೆಗೆ ಆ ಮಹಾ ಯೋಜನೆ ಹೊಳೆದದ್ದು. ಸುಳ್ಳನ್ನು ನಿಜ ಮಾಡಿಬಿಟ್ಟರೆ ಅದು ಸುಳ್ಳಾಗುವುದಿಲ್ಲ. ಬೀಗ ಹಾಕಿದ ಖಾನಾವಳಿಯನ್ನೂ ಎಣಿಸುವುದಾದರೆ, ಕುಷಾಯಿಗೂಡದಲ್ಲಿ ಎಷ್ಟೊಂದು ಅಂಗಡಿಗಳಿಲ್ಲ! ಎಲ್ಲರಿಗೂ ಒಂದೊಂದು ಸೈಟು ಮಾಡಿಸಿ, ನಮ್ಮ ಮುಂದಿನ ಕೋಣೆಯಲ್ಲಿ ಪುಕ್ಕಟೆ ಇಟ್ಟರೆ ಆಯಿತು. ಮುಂದಿನ ಎಣಿಕೆಗೆ ಗರಿ ತಾನಾಗಿಯೇ ಏಳುತ್ತದೆ.

ಲೋಕದಲ್ಲಿ ಒಟ್ಟು ಎಷ್ಟು ಖಾನಾವಳಿಗಳಿವೆ ಎಂದು ನಾನು ಯಾರನ್ನೂ ಕೇಳಲಿಲ್ಲ. ಕೇಳಬೇಕಾಗಿತ್ತು.

ಬರಿಗೈಯಲ್ಲಿ ಹೋಗಿ ಒಬ್ಬರನ್ನು ಏನಾದರೂ ಕೇಳುವುದು ನಮ್ಮ ಕಡೆಯ ಪದ್ಧತಿಯಲ್ಲ. ಮದುವೆಗೆ ಕರೆಯಲು ಹೋಗುವಂತೆ ತಟ್ಟೆಯಲ್ಲಿ ಅರಿಸಿನ, ಕುಂಕುಮ, ಅಕ್ಷತೆ ಇಟ್ಟುಕೊಂಡೆ. ಗರಿಯ ಗುರುತು ಜನಕ್ಕೆ ತಿಳಿಯಲಿ ಎಂದು, ಟೆರೇಸಿನಲ್ಲಿ ಬಿದ್ದಿದ್ದ ಪಾರಿವಾಳದ ಒಂದು ಗರಿಯನ್ನು ತೊಳೆದು ಅಕ್ಷತೆಯ ನಡುವೆ ಸಿಕ್ಕಿಸಿದೆ. ಇಳಕಲ್ ಸೀರೆ ಉಟ್ಟೆ. ರಾವುಗಾರ ಹೆಂಡತಿಯನ್ನು ಅಜ್ಜನ ಹತ್ತಿರ ಕೂರಿಸಿ ಹೊರಟೆ.

ಬಾಯಿ ತೆರೆಯಲು ನಾಚುವವಳು ನಾನು. ಅದರಲ್ಲೂ ನನ್ನ ತೆಲುಗು! ಗರಿಗೆ 'ಈಕ' ಅನ್ನುತ್ತಾರೆ, ಬೇಡ ಎನ್ನಲು 'ವದ್ದು' ಅನ್ನುತ್ತಾರೆ ಎಂದು ಕೇಳಿ ತಿಳಿದುಕೊಂಡಿದ್ದೆ. ಹೊಲಿಗೆ ಅಂಗಡಿಯಾಕೆಯ ಹಣೆಗೆ ಕುಂಕುಮವಿಟ್ಟು, ಅಕ್ಷತೆ ಕೊಟ್ಟು, ಬಾಯಿಪಾಠ ಮಾಡಿದ್ದನ್ನು ಒಂದೇ ಉಸಿರಿಗೆ ಒಪ್ಪಿಸಿದೆ. "ಅಮ್ಮಾ, ಮನದಿ ಈಕ ಗುರ್ತು. ಕಿಟಿಕೀ ಗುರ್ತು ವದ್ದು. ಗರಿಯ ಗುರುತೇ ಗೆಲ್ಲಬೇಕು. ಲೆಕ್ಕ ಮುಂದಿನ ತಿಂಗಳು!"

ಆಕೆ ಗರಿ ನೋಡಿದಳು, ನನ್ನನ್ನು ನೋಡಿದಳು, ಎದ್ದು ಎರಡೂ ಕೈ ಮುಗಿದಳು. "ಮಾ ಇಂಟ್ಲೋ ಎಲ್ಲಾ ವೋಟೂ ಮೀಕೇ ಅಕ್ಕಾ," ಎಂದಳು. ಅವರ ಮನೆಯ ಎಲ್ಲ ವೋಟೂ ನಮಗೇ ಅಂತೆ.

ಎಷ್ಟು ಸುಲಭ! ವೋಟು ಎಂದು ಆಕೆಗೂ ಎಷ್ಟು ಬೇಗ ತಿಳಿಯಿತು! ಉಬ್ಬಿಹೋದೆ. ಕಿರಾಣಿ, ಇಸ್ತ್ರಿ, ಹೂವಿನವಳು, ಗಿರಣಿ, ಯಾರನ್ನೂ ಬಿಡಲಿಲ್ಲ. ಎಲ್ಲರೂ ಕೈ ಮುಗಿದರು. ಯಾರೂ ಸೈಟಿನ ವಿಷಯ ಎತ್ತಲಿಲ್ಲ. ನಾಚಿಕೆ ಇರಬೇಕು ಅಂದುಕೊಂಡೆ.

ಬೀದಿಯ ಕೊನೆಯಲ್ಲಿ ಕಟ್ಟಡ ಏಳುತ್ತಿತ್ತು. ಯಾದಗಿರಿ ಕಡೆಯ ಹೆಣ್ಣುಮಕ್ಕಳು ಅಲ್ಲಿ ಇಟ್ಟಿಗೆ ಹೊರುತ್ತಿದ್ದರು. ನಮ್ಮ ಭಾಷೆ ಕೇಳಿ ಧೈರ್ಯವಾಗಿ, ಅಲ್ಲಿ ಮಾತ್ರ ಎಲ್ಲವನ್ನೂ ಬಿಡಿಸಿ ಹೇಳಿದೆ. ಒಬ್ಬ ಮುದುಕಿ ತಲೆಯ ಮೇಲಿನ ಪುಟ್ಟಿ ಇಳಿಸಿ ಕೇಳಿಸಿಕೊಂಡಳು.

"ಯವ್ವಾ, ನಮಗ ಈ ನೆಲದ ಮ್ಯಾಲ ಒಂದು ಮನಿ ಇಲ್ಲ. ಆ ತಂತಿಯಾಗ ಮನಿ ಯಾಕ ಬೇಕ?"

"ಪುಕ್ಕಟೆ ಕೊಡ್ತೀವಬೇ."

"ಒಳಗ ಮಲಗಾಕ ಬರ್ತೈತೇನು?"

"ಇಲ್ಲ."

"ಹಂಗಾರ ನೀನ ಇಟ್ಕೋ ತಾಯಿ," ಎಂದು ಕುಂಕುಮ ಮಾತ್ರ ಹಚ್ಚಿಸಿಕೊಂಡಳು. ನನ್ನ ಗಂಡನಿಗೆ ಮೈಯಲ್ಲಿ ಹುಷಾರಿಲ್ಲ ಎಂದದ್ದಕ್ಕೆ, "ರೊಟ್ಟಿ ಬ್ಯಾಡ, ನುಚ್ಚು ಮಾಡಿ ಹಾಕು," ಎಂದು ಹೇಳಿ ಕಳಿಸಿದಳು.

ಮರುದಿನ ಬಸ್ಸಿನಲ್ಲಿ ನಿಂತುಕೊಂಡೇ ಊರಿನ ಆ ತುದಿಯ ಕೂಕಟ್‌ಪಲ್ಲಿಗೂ ಹೋದೆ. ಅಲ್ಲಿ ನಮ್ಮ ಕಡೆಯ ನೀಲಮ್ಮನ ರೊಟ್ಟಿ ಅಂಗಡಿ. ಬೆಂಗಳೂರು, ಮೈಸೂರು, ಮಂಗಳೂರಿನ ಹುಡುಗ ಹುಡುಗಿಯರು ಕೊರಳಿಗೆ ಆಫೀಸಿನ ಬಿಲ್ಲೆ ಹಾಕಿಕೊಂಡು ಅವಳ ಶೇಂಗಾ ಚಟ್ನಿಗೆ ಸಾಲು ನಿಲ್ಲುತ್ತಿದ್ದರು. ನೀಲಮ್ಮ ನನ್ನ ಮಾತು ಪೂರ್ತಿ ಕೇಳಲೂ ಇಲ್ಲ.

"ವೆಬ್‌ಸೈಟ್ ಹೌದಲ್ರಿ ಅಕ್ಕಾ? ಮಾಡಿಸಿದೆ ಅಂತ ತಿಳಕೋರಿ. ನನ್ನ ಅಳಿಯ ಅದರಾಗ ಅದಾನ. ವಾರದಾಗ ಎಬ್ಬಿಸಿಬಿಡ್ತಾನ!"

ಒಂದು ಖಚಿತ ಮತ! ಜಯಭೇರಿ ಹೊಡೆಯುತ್ತ ಮನೆಗೆ ಬಂದೆ.

ಹತ್ತು ದಿನಗಳೊಳಗೆ ಬೀದಿಯಲ್ಲಿ ಜನ ನನಗೆ ಹಾದಿ ಬಿಡತೊಡಗಿದರು. ತರಕಾರಿಯವನು ಕೊತ್ತಂಬರಿ ಹೆಚ್ಚು ಹಾಕಿದ. ಇಸ್ತ್ರಿಯವನು ನಮ್ಮ ಗಲ್ಲಿಯ ಮೋರಿ ತುಂಬಿದೆ, ಗೆದ್ದ ಮೇಲೆ ಮರೆಯಬೇಡಿ ಎಂದ. ಗರಿ ಗೆದ್ದರೆ ಮೋರಿ ಹೇಗೆ ಖಾಲಿಯಾಗುತ್ತದೆ ಎಂದು ನನಗೆ ತಿಳಿಯಲಿಲ್ಲ. ಇಂಟರ್ನೆಟ್ಟಿನಲ್ಲಿ ಏನು ಬೇಕಾದರೂ ಆಗುತ್ತದಂತೆ ಎಂದು ಸುಮ್ಮನಾದೆ.

ಅದರ ಮರುದಿನ ಮಲ್ಲೇಶಂ ಬಂದ. ವಾರ್ಡಿನ ಚುನಾವಣೆ ಹತ್ತಿರದಲ್ಲಿದೆ ಎಂದು ಓಡಾಡುತ್ತಿದ್ದ ಯುವ ನಾಯಕ. ಬಿಳಿ ಅಂಗಿ, ಬಿಳಿ ಚಪ್ಪಲಿ, ಹಿಂದೆ ಇಬ್ಬರು ಹಿಂಬಾಲಕರು. ಒಬ್ಬನ ಕೈಯಲ್ಲಿ ಶಾಲು, ಇನ್ನೊಬ್ಬನ ಕೈಯಲ್ಲಿ ಹಣ್ಣಿನ ಬುಟ್ಟಿ. ಸೈಟು ಮಾಡಿಸಲು ಬಂದ ಎಂದು ಕುರ್ಚಿ ಹಾಕಿದೆ. ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದ ರಾವುಗಾರೂ ತಿರುಗಿ ಕೂತರು.

"ಅಕ್ಕಾ," ಎಂದ ಮಲ್ಲೇಶಂ ತನಗೆ ಬರುವಷ್ಟು ಕನ್ನಡದಲ್ಲಿ, "ಹೆಂಗಸರ ವೋಟೆಲ್ಲ ನೀವು ಒಡೆದುಬಿಟ್ರಿ. ಕುಂಕುಮ ಹಚ್ಚಿ ಅಕ್ಷತೆ ಹಿಡಿದು ಆಣೆ ಮಾಡಿಸಿದ್ರಂತೆ. ಈಗ ಯಾರನ್ನ ಕೇಳಿದ್ರೂ ಈಕ ಗುರ್ತು, ಈಕ ಗುರ್ತು! ನಾನು ನಿಮ್ಮ ತಮ್ಮ ಇದ್ದಂಗೆ. ಸ್ಪರ್ಧೆಯಿಂದ ಹಿಂದೆ ಸರೀರಿ ಅಕ್ಕಾ."

"ನಾ ಹೆಂಗ ಹಿಂದ ಸರೀಲೆಪಾ? ನಮ್ಮ ಮನಿಯವರ ಜೀವನ ಅದರಾಗೈತಿ!"

"ಯಾವ ಪಾರ್ಟಿ ಅಕ್ಕಾ ನಿಮ್ದು? ಮೇಲೆ ಯಾರಿದ್ದಾರೆ?"

"ಪಾರ್ಟಿ ಎಂಥಾದ್ದು? ಜಗತ್ತಿನ ಮಂದಿ ಎಲ್ಲಾ ಕೂಡಿ ಮಾಡಿದ್ದು! ಪುಕ್ಕಟೆ!"

ಮಲ್ಲೇಶಂ ಬೆವರು ಒರೆಸಿಕೊಂಡ. "ವಿದೇಶದವರೂ ಇದ್ದಾರಾ?" ಎಂದು ಮೆಲ್ಲಗೆ ಕೇಳಿದ.

"ಅವರ ಭಾಳ!"

ಆಗ ಒಳಕೋಣೆಯ ಪರದೆಯ ಹಿಂದಿನಿಂದ ಒಂದು ಸದ್ದು ಬಂತು. ಉಸಿರು ಸಿಕ್ಕಿಕೊಂಡಿತು ಎಂದು ಎಲ್ಲರೂ ಓಡಿದೆವು. ಅಜ್ಜ ದಿಂಬಿಗೆ ಒರಗಿದ್ದರು. ಭುಜ ಕುಲುಕುತ್ತಿತ್ತು. ಕಣ್ಣಲ್ಲಿ ನೀರು. ನಗುತ್ತಿದ್ದರು! ತಿಂಗಳುಗಟ್ಟಲೆ ಕೇಳದ ಆ ನಗುವನ್ನು ನಾನು ಗುರುತು ಹಿಡಿಯಲಿಲ್ಲ, ನೋಡಿ.

"ಶಾಂತಾ, ಏನೇನ್ ಮಾಡೀಯ ನೀ? ಎಲ್ಲಾ ಹೇಳು."

ಹೇಳಿದೆ. ಇನ್ನು ಮುಚ್ಚಿಡಲು ಏನಿತ್ತು? ಒಲೆಯ ಹಿಂದಿನ ಕಾಗದ, ಬಿದ್ದ ಗೆರೆ, ರಾವುಗಾರ ಸುಳ್ಳು ಕಣ್ಣೀರು, ಪಾರಿವಾಳದ ಗರಿ. ಮಲ್ಲೇಶಂ ಬಾಯಿ ತೆರೆದು ಕೇಳಿದ. ತಾನು ಹೆದರಿದ್ದು ಯಾವುದಕ್ಕೆ ಎಂದು ತಿಳಿದಾಗ ಮಂಚದ ಕಾಲಬದಿಯಲ್ಲೇ ಕೂತುಬಿಟ್ಟ.

"ಎಷ್ಟು ಮಂದಿ ಸೈಟ್ ಮಾಡಿಸಿದ್ರು?" ಅಜ್ಜ ಕೇಳಿದರು.

"ಒಬ್ಬಾಕಿ. ರೊಟ್ಟಿ ನೀಲಮ್ಮ," ಎಂದೆ, ನೆಲ ನೋಡುತ್ತ. "ಖಚಿತ ಮತ."

"ರಾವ್, ನೋಡು. ಅಲ್ಲಿ ಯಾರು ಬಡಿಸಾಕತ್ತಾರ?"

ರಾವುಗಾರು ಮುಂದಿನ ಕೋಣೆಗೆ ಹೋಗಿ ಏನೋ ಒತ್ತಿದರು. ಬಹಳ ಹೊತ್ತು ಬರಲಿಲ್ಲ. ಬಂದಾಗ ಮುಖ ಬಿಳಿಚಿತ್ತು.

"ಸಾರ್, ಆ ಅಳಿಯ ಬೇರೆ ಕಡೆ ಇಟ್ಟಿದ್ದಾನೆ." ನನ್ನ ಕಡೆ ನೋಡದೆ ಹೇಳಿದರು, "ಕಿಟಕಿ."

ಇಷ್ಟು ಸುತ್ತಾಡಿ, ಇಷ್ಟು ಕುಂಕುಮ ಹಂಚಿ, ನಾನು ಗಳಿಸಿದ ಒಂದೇ ಮತ ಎದುರು ಪಕ್ಷಕ್ಕೆ ಬಿದ್ದಿತ್ತು!

ಅಜ್ಜ ಮತ್ತೆ ನಕ್ಕರು. ಮಲ್ಲೇಶಂ ನಕ್ಕ, ಅವನ ಹಿಂಬಾಲಕರು ನಕ್ಕರು. ನಾನು ಅಳುತ್ತಿದ್ದೆ. "ತಪ್ಪಾತ್ರಿ. ನಿಮಗ ಸುಳ್ಳು ಹೇಳಿದೆ," ಎಂದೆ.

"ನನಗ ಮೊದಲನೇ ದಿನಾನೇ ಗೊತ್ತಿತ್ತಲ್ಲ."

"ಹೆಂಗ್ರಿ?"

"ರಾವ್ ಸೋತ ಲೆಕ್ಕದ ದಿನ ಎಂದಾರ ನಮ್ಮ ಮನಿಗೆ ಬಂದಾನೇನು? ಅಂವ ಬಂದು ಕುರ್ಚಿ ಮ್ಯಾಲ ಅಳಾಕತ್ತಿದಾಗೇ ತಿಳೀತು, ಗರಿ ಪೂರ್ತಿ ಮುಳುಗೇತಿ ಅಂತ."

ರಾವುಗಾರು ಗೋಡೆಯ ಕಡೆ ತಿರುಗಿದರು.

"ಮತ್ತ ರೊಟ್ಟಿ ಯಾಕ ತಿಂದ್ರಿ?"

ಅವರು ಉಸಿರು ಕೂಡಿಸಿಕೊಂಡು ಹೇಳಿದರು. "ಸುಳ್ಳು ಹೇಳಾಕ ಬಾರದಾಕಿ ಅಷ್ಟು ಕಷ್ಟಪಟ್ಟು ಹೇಳಾಕತ್ತಿದ್ದಿ. ತಿನ್ನದ ಹೆಂಗ ಇರ್ಲಿ?"

ಮಲ್ಲೇಶಂ ತಾನು ತಂದ ಶಾಲನ್ನು ಅಜ್ಜನ ಕಾಲ ಮೇಲೆ ಹೊದಿಸಿ, ನಮಸ್ಕಾರ ಮಾಡಿ ಹೋದ. ಆ ದಿನ ನುಚ್ಚು ಮಾಡಿದೆ, ಆ ಮುದುಕಿ ಹೇಳಿದಂತೆ. ಅಜ್ಜ ಎರಡು ಸಲ ಹಾಕಿಸಿಕೊಂಡರು.

ಮುಂದಿನ ಲೆಕ್ಕ ಬರುವ ಮೊದಲೇ ಅವರು ಹೋದರು.

ಕುಂಕುಮದ ತಟ್ಟೆ ಹಿಡಿದು ನಾನು ಬೀದಿಗೆ ಇಳಿದದ್ದು ಆ ಪ್ರಚಾರಕ್ಕೇ ಕೊನೆ. ಆ ತಟ್ಟೆ ಈಗ ನಿಮ್ಮ ಅಮ್ಮನ ಹತ್ತಿರ ಇದೆ. ಗರಿ ಮಾತ್ರ ನನ್ನ ಹತ್ತಿರ ಇಲ್ಲ. ಪಾರಿವಾಳದ ಗರಿಯನ್ನು ಎಷ್ಟು ದಿನ ಇಡಲು ಆಗುತ್ತದೆ, ಹುಳ ಬಿತ್ತು.

ರಾವುಗಾರು ಆಮೇಲೆ ಲೆಕ್ಕ ನೋಡುವುದನ್ನೇ ಬಿಟ್ಟರು. ಹಾಲಿನ ಬೂತಿಗೆ ನಮ್ಮ ಮನೆಯ ಮುಂದಿನಿಂದ ಹೋಗಬಹುದಾಗಿದ್ದರೂ ಹಿಂದಿನ ಗಲ್ಲಿಯಿಂದಲೇ ಹೋಗುತ್ತಿದ್ದರು. ಎಷ್ಟೋ ವರ್ಷಗಳ ಮೇಲೆ, ಕೋಲು ಊರಿಕೊಂಡು ಒಂದು ದಿನ ಬಂದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು.

"ಅಮ್ಮಾ, ಯಾವುದೋ ಮೂರನೇದು ಬಂದಿದೆಯಂತೆ. ಗರೀನೂ ಕೆಳಗೆ, ಕಿಟಕೀನೂ ಕೆಳಗೆ. ಇಬ್ಬರೂ ಸೋತಿವಿ. ಯಾರು ಯಾರ ಮನೆಗೆ ಚಹಾಕ್ಕೆ ಹೋಗಬೇಕೋ ತಿಳಿಯಲಿಲ್ಲ. ಅದಕ್ಕೇ ಬಂದೆ."

ಚಹಾ ಮಾಡಿದೆ. ಅಭ್ಯಾಸಬಲದಿಂದ ಮೂರು ಕಪ್ಪು ಆಯಿತು.

ಇನ್ನು ಮಲ್ಲೇಶಂ. ಅವನು ಆ ಸಲ ಸೋತ, ಅದರ ಮುಂದಿನ ಸಲವೂ ಸೋತ. ಈಗ ಅವನ ತಲೆಯೂ ನೆರೆತಿದೆ. ಚುನಾವಣೆ ಬಂದಾಗಲೆಲ್ಲ ನಮ್ಮ ಗೇಟಿನ ಹತ್ತಿರ ಸ್ಕೂಟರ್ ನಿಲ್ಲಿಸಿ ಕೂಗುತ್ತಾನೆ.

"ಅಕ್ಕಾ, ಈ ಸಲ ನಿಲ್ಲೋದಿಲ್ಲ ತಾನೇ?"

"ಇಲ್ಲಪಾ, ನೀನೇ ನಿಲ್ಲು," ಎನ್ನುತ್ತೇನೆ. ಸೋಲುವುದಕ್ಕೆ ನನಗೇನೂ ನಾಚಿಕೆಯಿಲ್ಲ. ಆದರೆ ನಾನು ಸೋತದ್ದಕ್ಕೆ ದಿಂಬಿಗೊರಗಿ ನಗುವವರು ಇಲ್ಲದ ಮೇಲೆ, ಅಷ್ಟು ದೂರ ಬಸ್ಸಿನಲ್ಲಿ ನಿಂತು ಹೋಗಿ ಯಾಕೆ ಸೋಲಲಿ?